ಮುರಿದ ಕೈ ಮತ್ತು ಹನ್ನೆರಡರ ಲೆಕ್ಕ

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಸೋಮಾರಿ ಅಂತ ಬೈದುಕೊಂಡವರಿಗೆ ತೋರಿಸೋಕೆ ಈ ಸಲ ನನ್ನ ಹತ್ತಿರ ಎಕ್ಸ್‌ರೇ ಇದೆ :) ಬಲಗೈಯ ಉಂಗುರ ಬೆರಳು, ಕಿರುಬೆರಳುಗಳ ಹಿಂದೆ ಅಂಗೈಯೊಳಗೆ ಎರಡು ಉದ್ದ ಮೂಳೆಗಳಿರುತ್ತವಲ್ಲ, ಅವೆರಡೂ ಮುರಿದಿದ್ದವು. ಈಗ ಕೂಡಿಕೊಂಡಿವೆ. ಈ ಬರಹ ಮೂಳೆ ಕೂಡಿದ್ದರ ಬಗ್ಗೆ ಅಲ್ಲ. ಮೂಳೆ ಕೂಡಿದ ಮೇಲೆ ಕೈ ತೆರೆಯುವುದನ್ನು ಮತ್ತೆ ಕಲಿತದ್ದರ ಬಗ್ಗೆ. ಕಲಿಸಿದ್ದು ಒಬ್ಬರು ಫಿಸಿಯೋ ಮೇಡಂ, ಒಂದು ಗಿಟಾರ್, ಮತ್ತೆ ನಮ್ಮಪ್ಪ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡು, ಪಿಜಿಯ ಒಂಟಿ ಮಂಚದ ಮೇಲೆ ಕೂತು ನಾಲ್ಕು ವರ್ಷದಿಂದ ಫ್ಲಮೆಂಕೊ ಗಿಟಾರ್ ಕಲಿಯುತ್ತಿದ್ದೇನೆ. "ಸಿನಿಮಾ ಹಾಡು ಬಾರಿಸೋದು ಬಿಟ್ಟು ಇದೇನು ಮಾರಾಯ?" ಅಂತ ಕೇಳದ ರೂಂಮೇಟ್ ಇಲ್ಲ. ಆದ್ದರಿಂದ ಮೊದಲು ಅದನ್ನು ಸ್ವಲ್ಪ ಹೇಳಿಬಿಡುತ್ತೇನೆ.

ಸ್ಪೇನ್ ದೇಶದ ದಕ್ಷಿಣಕ್ಕೆ ಆಂದಲೂಸಿಯಾ ಅಂತ ಒಂದು ಸೀಮೆ. ಅಲ್ಲಿನ ಜಿಪ್ಸಿಗಳು ಮತ್ತು ಬಡ ಜನರ ನಡುವೆ ಬೆಳೆದ ಸಂಗೀತ ಇದು. ಮೊದಲಿಂದ ಇದ್ದದ್ದು ಹಾಡು. ಗಿಟಾರ್ ಬಂದದ್ದು ಹಾಡಿಗೂ ಕುಣಿತಕ್ಕೂ ಜೊತೆ ಕೊಡೋಕೆ. ನಮ್ಮ ಶಿರಾ ಸೀಮೆಯಲ್ಲಿ ಕಾಡುಗೊಲ್ಲರು ಗಣೆ ಊದುತ್ತಾ ಜುಂಜಪ್ಪನ ಕಾವ್ಯ ಹಾಡುತ್ತಾರಲ್ಲ, ಅಲ್ಲೂ ಹಾಡೇ ದೊಡ್ಡದು, ವಾದ್ಯ ಅದರ ಬೆನ್ನಿಗೆ ನಿಲ್ಲುವಂಥದ್ದು. ಫ್ಲಮೆಂಕೊ ಗಿಟಾರ್ ಒಂಟಿಯಾಗಿ ಕಚೇರಿ ಮಾಡುವ ಮಟ್ಟಕ್ಕೆ ಬೆಳೆದದ್ದು ಇಪ್ಪತ್ತನೇ ಶತಮಾನದಲ್ಲಿ. ರಮೋನ್ ಮೊಂತೋಯ 1936ರಲ್ಲಿ ಪ್ಯಾರಿಸ್‌ನಲ್ಲಿ ಗಿಟಾರನ್ನೊಂದೇ ನುಡಿಸಿ ರೆಕಾರ್ಡ್ ಮಾಡಿದ. ಆಮೇಲೆ ಪಾಕೋ ದೆ ಲೂಸಿಯಾ (1947-2014) ಬಂದು ಜಗತ್ತಿಗೆಲ್ಲ ಇದರ ಹುಚ್ಚು ಹಿಡಿಸಿದ. 1973ರಲ್ಲಿ ಬಂದ ಅವನ 'ಎಂತ್ರೆ ದೋಸ್ ಆಗ್ವಾಸ್' ಕೇಳಿಯೇ ನಾನೂ ಹಳ್ಳಕ್ಕೆ ಬಿದ್ದದ್ದು. 2010ರಲ್ಲಿ ಯುನೆಸ್ಕೋ ಫ್ಲಮೆಂಕೊವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಂದ ಹಾಗೆ, ಈ ಜಿಪ್ಸಿಗಳ ಪೂರ್ವಿಕರು ನಮ್ಮ ದೇಶದ ವಾಯವ್ಯ ಭಾಗದಿಂದ ಹೊರಟವರು. ಅವರ ರೋಮಾನಿ ಭಾಷೆಯಲ್ಲಿ ಕೈಗೆ 'ವಸ್ತ್' ಅನ್ನುತ್ತಾರೆ. ಸಂಸ್ಕೃತದ 'ಹಸ್ತ'ವೇ ಅಷ್ಟು ದೂರ ನಡೆದು ವಸ್ತ್ ಆಗಿದೆ! ಕೈ ಮುರಿದುಕೊಂಡು ಕೂತವನಿಗೆ ಇಂಥದ್ದೆಲ್ಲ ಓದೋಕೆ ಬೇಕಾದಷ್ಟು ಸಮಯ ಸಿಗುತ್ತದೆ ನೋಡಿ.

ಫ್ಲಮೆಂಕೊದಲ್ಲಿ ಪ್ಲೆಕ್ಟ್ರಂ ಹಿಡಿಯುವುದಿಲ್ಲ. ಬಲಗೈಯ ಬೆರಳು, ಉಗುರುಗಳೇ ಬಂಡವಾಳ. ಅದರಲ್ಲೂ ಇದರ ಗುರುತು ಅಂದರೆ 'ರಸ್ಗೇಯಾದೋ'. ಕೈಯನ್ನು ಸಡಿಲವಾಗಿ ಮುಷ್ಟಿ ಮಾಡಿ, ಕಿರುಬೆರಳು, ಉಂಗುರ, ಮಧ್ಯ, ತೋರು ಅಂತ ಒಂದೊಂದಾಗಿ ಹೊರಕ್ಕೆ ಚಿಮ್ಮಿಸುತ್ತಾ ತಂತಿಗಳ ಮೇಲೆ ಎಳೆಯುವುದು. ಸರಿಯಾಗಿ ಬಂದರೆ ಮಳೆ ತಗಡಿನ ಮೇಲೆ ಬಿದ್ದ ಹಾಗೆ ಬಿಡದೆ ಸುರಿಯುತ್ತದೆ. ಇದು ಶುರುವಾಗುವುದೇ ಕಿರುಬೆರಳು ಮತ್ತು ಉಂಗುರ ಬೆರಳಿನಿಂದ. ನನಗೆ ಮುರಿದದ್ದೂ ಅವೆರಡರ ಮೂಳೆಯೇ.

ಆದದ್ದು 2024ರ ನವೆಂಬರ್‌ನಲ್ಲಿ. ನಮ್ಮೂರು ತಾವರೆಕೆರೆ, ಶಿರಾದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಕಡಲೆಕಾಯಿ ಕೀಳುವ ಕಾಲ ಅಂತ ರಜೆ ಹಾಕಿ ಊರಿಗೆ ಹೋಗಿದ್ದೆ. ಸಂಜೆ ಕೊಟ್ಟಿಗೆ ಮುಂದಿನ ಕಲ್ಲುಕಂಬಕ್ಕೆ ಹಸು ಕಟ್ಟುತ್ತಿದ್ದಾಗ ರಸ್ತೆಯಲ್ಲಿ ಲಾರಿಯದೊಂದು ಟೈರು ಸಿಡಿಯಿತು. ಹೆದ್ದಾರಿಯ ಗಲಾಟೆಯಲ್ಲೇ ಹುಟ್ಟಿ ಬೆಳೆದ ಹಸು ಅದು, ಹಾರನ್ನಿಗೆಲ್ಲ ಕಿವಿ ಕೂಡ ಆಡಿಸುವುದಿಲ್ಲ. ಆದರೆ ಆ ಸದ್ದು ಬಾಂಬಿನ ಹಾಗಿತ್ತು. ಎಗರಿತು. ಹಗ್ಗ ಸರ್ರನೆ ಎಳೆದು ನನ್ನ ಮುಷ್ಟಿಯನ್ನು ಕಲ್ಲಿಗೆ ಬಡಿಯಿತು. ನೋವಿಗಿಂತ ಮೊದಲು ಸದ್ದು ಕೇಳಿಸಿತು, ಒಣ ತೊಗರಿ ಕಡ್ಡಿ ಮುರಿದ ಹಾಗೆ.

ತುಮಕೂರಿನ ಆಸ್ಪತ್ರೆಯೊಂದರಲ್ಲಿ ಮಾರನೇ ದಿನ ಮೂಳೆ ಸರಿ ಕೂರಿಸಿ ತಂತಿ ಹಾಕಿದರು. ನಾಲ್ಕು ವಾರ ಅಲ್ಲಾಡಿಸುವ ಹಾಗಿಲ್ಲ ಅಂದರು. "ಏನ್ ಕೆಲಸ?" ಅಂತ ಡಾಕ್ಟರು ಕೇಳಿದರು. ಸಾಫ್ಟ್‌ವೇರ್ ಅಂದೆ. "ಹಂಗಾದ್ರೆ ಯೋಚ್ನೆ ಇಲ್ಲ, ಟೈಪ್ ಮಾಡ್ತೀರ ಬಿಡಿ." ಗಿಟಾರ್ ಅಂದೆ. "ಯಾವ ಕೈಲಿ ಬಾರಿಸೋದು?" ಅಂದರು. ಬ್ಯಾಂಡೇಜ್ ಸುತ್ತಿದ್ದ ಕೈಯನ್ನೇ ಎತ್ತಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲು ಮುದ್ದೆ ಮುರಿಯೋದು ನೋಡೋಣ" ಅಂದರು. ಅವರು ತಮಾಷೆಗೆ ಹೇಳಿರಬಹುದು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಒಂದು ತಿಂಗಳು ಊರಲ್ಲೇ ಉಳಿದೆ. ಮುದ್ದೆಯನ್ನು ಎಡಗೈಲಿ ತಿನ್ನೋಕೆ ಅಜ್ಜಿ ಬಿಡಲಿಲ್ಲ, ತಾನೇ ತುತ್ತು ಮಾಡಿ ಬಾಯಿಗಿಟ್ಟಳು. ಇಪ್ಪತ್ತೆಂಟು ವರ್ಷದ ಎಂಜಿನಿಯರ್‌ಗೆ ಅಜ್ಜಿ ತುತ್ತು ಕೊಡೋದನ್ನು ನೋಡೋಕೆ ಪಕ್ಕದ ಮನೆ ಮಕ್ಕಳು ಬರುತ್ತಿದ್ದವು. ಆಫೀಸಿನ ಕೆಲಸವನ್ನು ಮನೆಯಿಂದಲೇ ಎಡಗೈಯಲ್ಲಿ ಕುಟ್ಟುತ್ತಿದ್ದೆ. ಕನ್ನಡ ಟೈಪಿಂಗ್ ಕಥೆ ಮಾತ್ರ ಕೇಳಬೇಡಿ. ಒಂದೇ ಕೈಯಲ್ಲಿ ಶಿಫ್ಟ್ ಹಿಡಿದು ಮಹಾಪ್ರಾಣ ಒತ್ತೋದು ಅಂದರೆ ನನ್ನ ಪ್ರಾಣವೇ ಹೋದ ಹಾಗಾಗುತ್ತಿತ್ತು. ಶಂಕರ ಭಟ್ಟರು ಮಹಾಪ್ರಾಣ ಬೇಡ ಅಂದದ್ದರ ಪರವಾಗಿ ನನ್ನ ಮುಷ್ಟಿಯೂ ಒಂದು ವಾದ ಹೂಡುತ್ತಿತ್ತು :)

ಬ್ಯಾಂಡೇಜ್ ಕಟ್ಟಿದ್ದ ರೀತಿ ವಿಚಿತ್ರವಾಗಿತ್ತು. ಬೆರಳಿನ ಬುಡದ ಗೆಣ್ಣನ್ನು ಬಗ್ಗಿಸಿ, ಅದರ ಮುಂದಿನ ಎರಡು ಗೆಣ್ಣುಗಳನ್ನು ನೇರ ಇಟ್ಟಿದ್ದರು. ಕೈ ನೋಡಿದರೆ ನಾಟಕದಲ್ಲಿ ಯಾರನ್ನೋ ಕುಟುಕೋಕೆ ಹೊರಟ ಹಾವಿನ ಹೆಡೆಯ ಹಾಗೆ ಕಾಣುತ್ತಿತ್ತು. ಹೀಗೇಕೆ ಅಂತ ಕೇಳಿದೆ. ಬುಡದ ಗೆಣ್ಣಿನ ಎರಡು ಪಕ್ಕದಲ್ಲಿ ಅದನ್ನು ಹಿಡಿದಿಡುವ ಪಟ್ಟಿಗಳಿರುತ್ತವಂತೆ. ಬೆರಳು ನೇರ ಇದ್ದಾಗ ಆ ಪಟ್ಟಿ ಸಡಿಲ, ಬಗ್ಗಿಸಿದಾಗ ಬಿಗಿ. ಸಡಿಲವಾಗಿ ವಾರಗಟ್ಟಲೆ ಬಿಟ್ಟರೆ ಅದು ಹಾಗೇ ಕುಗ್ಗಿಬಿಡುತ್ತದೆ, ಆಮೇಲೆ ಬೆರಳು ಬಗ್ಗುವುದಿಲ್ಲ. ನಡುಗೆಣ್ಣಿನ ಕಥೆ ಉಲ್ಟಾ. ಅದನ್ನು ಬಗ್ಗಿಸಿ ಕಟ್ಟಿಟ್ಟರೆ ಮುಂದೆ ನೇರ ಆಗುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಿಟಾರ್ ಗೋಡೆಗೆ ಒರಗಿಕೊಂಡಿತ್ತು. ಮುಟ್ಟುವ ಹಾಗಿಲ್ಲ. ಹಾಗಾಗಿ ನಾನು ನಾಲ್ಕು ವರ್ಷ ಅವಸರದಲ್ಲಿ ದಾಟಿಕೊಂಡು ಬಂದಿದ್ದ ಭಾಗಕ್ಕೆ ಕೂತೆ. ಅದೇ 'ಕೊಂಪಾಸ್', ಅಂದರೆ ತಾಳದ ಚಕ್ರ. ಫ್ಲಮೆಂಕೊದಲ್ಲಿ ಬೆರಳು ಎಷ್ಟು ವೇಗವಾಗಿ ಓಡಿದರೂ ಕೊಂಪಾಸ್ ತಪ್ಪಿದರೆ ಅದನ್ನು ಸಂಗೀತ ಅಂತಲೇ ಒಪ್ಪುವುದಿಲ್ಲ. ಅದರ ಮುಖ್ಯ ಚಕ್ರಗಳಲ್ಲೊಂದು ಹನ್ನೆರಡು ಎಣಿಕೆಯದು. 'ಸೊಲೆಯಾ' ಅಂತ ನಿಧಾನದ, ದುಃಖದ ಪ್ರಕಾರ ಒಂದಿದೆ. ಅದರಲ್ಲಿ 3, 6, 8, 10, 12 ಈ ಎಣಿಕೆಗಳ ಮೇಲೆ ಒತ್ತು. 'ಬುಲೆರಿಯಾಸ್' ಅಂತ ಅದರ ತುಂಟ ತಮ್ಮ ಇದ್ದಾನೆ. ಒತ್ತುಗಳು ಹೆಚ್ಚು ಕಡಿಮೆ ಅವೇ, ವೇಗ ಬಹಳ ಜಾಸ್ತಿ, ಎಣಿಕೆ ಶುರುವಾಗುವುದು ಹನ್ನೆರಡರಿಂದ.

ಇದನ್ನು ಕನ್ನಡದಲ್ಲಿ 'ಹನ್ನೆರಡು, ಒಂದು, ಎರಡು' ಅಂತ ಎಣಿಸೋಕೆ ಹೋದರೆ ನಾಲಗೆ ತೊಡರುತ್ತದೆ. ನಮ್ಮ ತಾಳದ ಸೊಲ್ಲು ಹಾಕಿದರೆ ಎಷ್ಟು ಸಲೀಸು ನೋಡಿ: ತಕಿಟ ತಕಿಟ ತಕ ತಕ ತಕ. ಮೂರು, ಮೂರು, ಎರಡು, ಎರಡು, ಎರಡು, ಒಟ್ಟು ಹನ್ನೆರಡು. ಪ್ರತಿ ಸೊಲ್ಲಿನ ಮೊದಲಕ್ಷರಕ್ಕೆ ತೊಡೆ ತಟ್ಟಿ. ಐದು ಪೆಟ್ಟು ಬೀಳುತ್ತದೆ. ಎರಡು ಪೆಟ್ಟು ಬಿಡುವಾಗಿ, ಆಮೇಲೆ ಮೂರು ಪೆಟ್ಟು ಅವಸರವಾಗಿ. ಬುಲೆರಿಯಾಸ್ ಚಕ್ರ ಅಷ್ಟೇ! ಇನ್ನೊಂದು ಮಜಾ ಏನಂದರೆ ನಮ್ಮ ತಾಳದಲ್ಲಿ ಮಾತು ಮುಗಿದು ಮೊದಲ ಪೆಟ್ಟಿಗೆ ಬಂದು ಇಳಿಯುತ್ತೇವಲ್ಲ, ಇವರು ಹತ್ತನೇ ಎಣಿಕೆಗೇ ಮಾತು ಮುಗಿಸಿಬಿಡುತ್ತಾರೆ. ಹನ್ನೊಂದು, ಹನ್ನೆರಡು ಉಸಿರು ತಗೊಳ್ಳೋಕೆ.

ದಿನಾ ಸಂಜೆ ಜಗಲಿ ಮೇಲೆ ಕೂತು ಎಡಗೈಯಲ್ಲಿ ತೊಡೆ ತಟ್ಟುತ್ತಿದ್ದೆ. ಅಪ್ಪ ಪಕ್ಕದಲ್ಲಿ ಬೀಜಕ್ಕೆ ಅಂತ ಕಡಲೆಕಾಯಿ ಆರಿಸುತ್ತಿದ್ದರು. ಮೂರ್ನಾಲ್ಕು ದಿನ ಸುಮ್ಮನಿದ್ದವರು ಒಂದು ದಿನ ಕೇಳಿದರು.

"ಯಾವೂರ್ ತಾಳನೋ ಇದು? ಎಲ್ಲಿ ಮುಗೀತೈತೆ ಅಂತ್ಲೇ ಗೊತ್ತಾಗಲ್ವಲ್ಲ."

"ಹತ್ತಕ್ಕೆ ಮುಗೀತದೆ ಅಪ್ಪಾ."

"ಹನ್ನೆಲ್ಡು ಎಣಿಸಿ ಹತ್ತಕ್ಕೆ ಮುಗಿಸ್ತಾರಾ? ಒಳ್ಳೆ ಜನ."

ಇನ್ನೊಂದು ದಿನ ಫೋನಿನಲ್ಲಿ ಸೊಲೆಯಾ ಹಾಕಿದ್ದಾಗ ಆರಿಸೋದು ನಿಲ್ಲಿಸಿ ಕೇಳಿದರು. "ಇದು ಭೈರವಿ ಥರಾ ಐತಲ್ಲೋ" ಅಂದರು. ನಾನು ಬೆಚ್ಚಿಬಿದ್ದೆ. ಪುಸ್ತಕಗಳಲ್ಲಿ ಇದನ್ನು ಫ್ರಿಜಿಯನ್ ಅನ್ನುತ್ತಾರೆ, ಆ ಸ್ವರಗಳ ಸಾಲು ಹಿಂದೂಸ್ತಾನಿಯ ಭೈರವಿ ಥಾಟ್‌ನದೇ. ಕರ್ನಾಟಕ ಸಂಗೀತದಲ್ಲಿ ಹನುಮತೋಡಿ. ನಾನು ಇಂಟರ್ನೆಟ್‌ನಲ್ಲಿ ಹುಡುಕಿ ತಿಳಿದದ್ದನ್ನು ಅಪ್ಪ ಕಡಲೆಕಾಯಿ ಆರಿಸುತ್ತಾ ಹೇಳಿಬಿಟ್ಟಿದ್ದರು. ಹೇಗೆ ಗೊತ್ತಾಯಿತು ಅಂದರೆ, "ನಾಟ್ಕದಾಗೆ ಅಳೋ ಸೀನಿಗೆಲ್ಲ ಇದೇ ಅಲ್ವೇನೋ ಬಾರಿಸ್ತಿದ್ದುದು" ಅಂದರು. ಅಪ್ಪ ಮದುವೆಗೆ ಮೊದಲು ಭಜನೆ ಮನೆಯಲ್ಲಿ, ಊರ ನಾಟಕಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು ಅಂತ ಕೇಳಿದ್ದೆ. ನುಡಿಸಿದ್ದನ್ನು ನಾನು ನೋಡಿಲ್ಲ. ಪೆಟ್ಟಿಗೆ ಅಟ್ಟದ ಮೇಲಿದೆ.

ಡಿಸೆಂಬರ್‌ನಲ್ಲಿ ತಂತಿ ತೆಗೆದರು. ಒಳಗಿಂದ ಹೊರಬಂದ ಕೈ ನನ್ನದು ಅಂತ ಅನ್ನಿಸಲೇ ಇಲ್ಲ. ಸಣಕಲಾಗಿ, ಚರ್ಮ ಹೊಟ್ಟೆದ್ದು, ಬೆರಳುಗಳು ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ತೆರೆಯುವುದೂ ಇಲ್ಲ. ವಾರಕ್ಕೆರಡು ದಿನ ಬಸ್ಸಿನಲ್ಲಿ ತುಮಕೂರಿಗೆ ಫಿಸಿಯೋಗೆ ಹೋಗಿ ಬರೋದು ಶುರುವಾಯಿತು. ಬಿಸಿ ಮೇಣದಲ್ಲಿ ಕೈ ಅದ್ದಿಸಿ, ಆಮೇಲೆ ನಾಲ್ಕು ಆಕಾರ ಮಾಡಿಸುತ್ತಿದ್ದರು: ನೇರ, ಕೊಕ್ಕೆ, ಮೇಜು, ಮುಷ್ಟಿ. ನೋಡೋಕೆ ಅಂಗನವಾಡಿ ಆಟದ ಹಾಗಿದೆ. ಕೊಕ್ಕೆ ಮಾಡುವಷ್ಟರಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು.

ನನಗೆ ಗೊತ್ತಿಲ್ಲದ ಒಂದು ವಿಷಯ ಮೇಡಂ ಹೇಳಿದರು. ಬೆರಳುಗಳನ್ನು ಆಡಿಸುವ ಸ್ನಾಯು ಬೆರಳಿನೊಳಗೆ ಇರುವುದಿಲ್ಲವಂತೆ. ಅಂಗೈಯಲ್ಲಿ ಸ್ವಲ್ಪ, ಹೆಚ್ಚಿನದೆಲ್ಲ ಮೊಣಕೈಯಿಂದ ಕೆಳಗಿನ ಮುಂಗೈಯಲ್ಲಿ. ಅಲ್ಲಿಂದ ಉದ್ದನೆಯ ಹುರಿಗಳು ಬಂದು ಬೆರಳನ್ನು ಎಳೆಯುತ್ತವೆ, ಸೂತ್ರದ ಗೊಂಬೆಯ ಹಾಗೆ. (ನಮ್ಮೂರಲ್ಲಿ ಅದಕ್ಕೂ ನರ ಅಂತಾರೆ, ನರಕ್ಕೂ ನರ ಅಂತಾರೆ.) ಮುಚ್ಚುವ ಹುರಿಗಳು ಅಂಗೈ ಕಡೆ, ತೆರೆಯುವ ಹುರಿಗಳು ಕೈಯ ಹಿಂಭಾಗದಲ್ಲಿ. ನನಗೆ ಮೂಳೆ ಮುರಿದದ್ದು ಸರಿಯಾಗಿ ಆ ತೆರೆಯುವ ಹುರಿಗಳ ಕೆಳಗೆ. ಊತ, ರಕ್ತ ಒಣಗಿ ಹುರಿ ಮೂಳೆಗೆ ಅಂಟಿಕೊಂಡಿತ್ತು. ಮುಚ್ಚುವ ಕೆಲಸಕ್ಕೆ ದಿನವಿಡೀ ಅಭ್ಯಾಸ ಸಿಗುತ್ತದೆ, ಬಕೆಟ್ ಹಿಡಿ, ಹಗ್ಗ ಹಿಡಿ, ಬಸ್ಸಿನ ಕಂಬಿ ಹಿಡಿ. ಬಲ ಹಾಕಿ ಬೆರಳನ್ನು ತೆರೆಯುವ ಕೆಲಸ ಯಾರು ಯಾವಾಗ ಮಾಡುತ್ತಾರೆ? ಯೋಚಿಸಿ ನೋಡಿ. ಹೆಚ್ಚು ಹೊಳೆಯುವುದಿಲ್ಲ.

ನನಗೆ ಹೊಳೆಯಿತು. ಎಡಗೈಯಲ್ಲಿ ರಸ್ಗೇಯಾದೋ ಮಾಡಿ ತೋರಿಸಿದೆ. ಮೇಡಂ ಇನ್ನೊಂದು ಸಲ ಮಾಡಿ ಅಂದರು. ಮಾಡಿದೆ. "ಅಯ್ಯೋ, ನಾನು ನಿಮ್ಮ ಹತ್ರ ಮಾಡಿಸ್ಬೇಕು ಅಂತಿರೋದು ಇದನ್ನೇ ಅಲ್ವಾ" ಅಂತ ನಕ್ಕರು. ಆದರೆ ಷರತ್ತು ಹಾಕಿದರು. ಮೊದಲು ತಂತಿ ಮುಟ್ಟುವ ಹಾಗಿಲ್ಲ, ದಿಂಬಿನ ಮೇಲೆ. ಊತ ಬಂದರೆ ಆ ದಿನ ನಿಲ್ಲಿಸಬೇಕು. ಎಕ್ಸ್‌ರೇ ನೋಡಿ ಡಾಕ್ಟರು ಹೂಂ ಅಂದ ಮೇಲೆ ಗಿಟಾರ್. (ಇದು ನನ್ನ ಕೈಗೆ, ನನ್ನ ಎಕ್ಸ್‌ರೇ ನೋಡಿ ಹೇಳಿದ ಲೆಕ್ಕ. ನೀವು ನಿಮ್ಮ ಡಾಕ್ಟರನ್ನೇ ಕೇಳಿ.)

ಹಾಗೆ ಆರನೇ ವಾರ ದಿಂಬಿನ ಮೇಲೆ. ಆಮೇಲೆ ತೊಡೆಯ ಮೇಲೆ. ಒಂಬತ್ತನೇ ವಾರ ಗಿಟಾರಿನ ತಂತಿಗಳ ಮೇಲೆ ಎಡಗೈ ಇಟ್ಟು, ಸದ್ದು ಅಡಗಿಸಿ. ಹನ್ನೆರಡನೇ ವಾರ ನಿಜವಾದ ಸದ್ದು. ಬಿಡದೆ ಸುರಿಯಬೇಕಾದ ಮಳೆ 'ಟ್ರ... ಟ್... ಟ್ರ' ಅಂತ ಸೋರುವ ನಲ್ಲಿಯ ಹಾಗೆ ಬಂತು. ಉಂಗುರ ಬೆರಳು ಪ್ರತಿ ಸಲವೂ ತಡ. ಅದರಲ್ಲೂ ಅದು ಮೊದಲೇ ಪರಾವಲಂಬಿ ಬೆರಳು. ಬೇಕಾದರೆ ಈಗಲೇ ಪರೀಕ್ಷೆ ಮಾಡಿ. ಮಧ್ಯಬೆರಳನ್ನು ಒಳಕ್ಕೆ ಮಡಚಿ ಅಂಗೈಯನ್ನು ಮೇಜಿನ ಮೇಲೆ ಊರಿ. ಈಗ ಉಂಗುರ ಬೆರಳನ್ನು ಮಾತ್ರ ಮೇಲೆತ್ತಿ... ಬರಲಿಲ್ಲ ಅಲ್ವಾ? :) ಅದರ ಹುರಿ ಅಕ್ಕಪಕ್ಕದ ಹುರಿಗಳಿಗೆ ಸಣ್ಣ ಪಟ್ಟಿಗಳಿಂದ ಕಟ್ಟಿಕೊಂಡಿದೆ. ಗಟ್ಟಿಮುಟ್ಟಾದ ಕೈಯಲ್ಲೇ ಹೀಗೆ, ಇನ್ನು ನನ್ನದು ಕೇಳಬೇಕೆ.

ಆ ದಿನಗಳಲ್ಲೇ ನಾನು ಅಪ್ಪನ ಕೈ ನೋಡತೊಡಗಿದ್ದು. ಅಪ್ಪನ ಬಲಗೈಯ ಕೊನೆಯ ಎರಡು ಬೆರಳುಗಳು ನಡುಗೆಣ್ಣಿನಲ್ಲಿ ಮಡಚಿಕೊಂಡೇ ಇವೆ. ನಾನು ಹುಟ್ಟಿದಾಗಿಂದ ಹಾಗೇ ಇವೆ, ಹಾಗಾಗಿ ಅಪ್ಪನ ಕೈ ಅಂದರೆ ಅದೇ. ಮೂಗು ಇದ್ದ ಹಾಗೆ. ಆದರೆ ಈಗ ನನ್ನ ಕೈಯಲ್ಲೂ ಅದೇ ಎರಡು ಬೆರಳು! ಏನಾಗಿತ್ತು ಅಂತ ಕೇಳಿದೆ.

1988. ಹೊಲದಲ್ಲಿ ಬಾವಿ ತೋಡುವಾಗ ಮೇಲಿಂದ ಕಲ್ಲು ಜಾರಿ ಕೈ ಮೇಲೆ ಬಿತ್ತು. ಪಕ್ಕದೂರಿನಲ್ಲಿ ಮೂಳೆ ಕಟ್ಟುವವರಿದ್ದರು. ಮೊಟ್ಟೆಯ ಬಿಳಿ ಹಚ್ಚಿ, ಬಿದಿರು ದಬ್ಬೆ ಇಟ್ಟು, ಅಂಗೈಯಲ್ಲಿ ಬಟ್ಟೆ ಉಂಡೆ ಹಿಡಿಸಿ ಮುಷ್ಟಿಯಾಗಿಯೇ ಕಟ್ಟಿದರು. ಐದು ವಾರ. "ಮೂಳೆ ಚೆನ್ನಾಗೇ ಕೂಡ್ತು" ಅಂದರು ಅಪ್ಪ, ಕಟ್ಟಿದವರ ಮೇಲೆ ಯಾವ ದೂರೂ ಇಲ್ಲದೆ. "ಬಿಚ್ಚಿ ನೋಡಿದ್ರೆ ಬೆಳ್ಳು ಮಡಚ್ಕೊಂಡಿತ್ತು. ಗುದ್ಲಿ ಹಿಡಿಯಾಕೆ ಬತ್ತಿತ್ತು. ಸಾಕಲ್ಲ ಅಂದ್ಕಂಡೆ." ಆರನೇ ವಾರಕ್ಕೆ ಮತ್ತೆ ಬಾವಿಗೆ ಇಳಿದರು. ಹಾರ್ಮೋನಿಯಂ ಅಟ್ಟ ಹತ್ತಿತು.

ನಡುಗೆಣ್ಣು ಬಗ್ಗಿಸಿ ಕಟ್ಟಿದರೆ ಮತ್ತೆ ನೇರ ಆಗುವುದಿಲ್ಲ. ಮೇಲೆ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದು ಇಲ್ಲಿಗೆ.

ಮುಂದಿನ ಸಲ ತುಮಕೂರಿಗೆ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋದೆ. ಮೇಡಂ ಅಳತೆ ಮಾಡುವ ಪಟ್ಟಿ ಇಟ್ಟು ನೋಡಿದರು, ಬಗ್ಗಿಸಿದರು, ಎಳೆದರು. ಸುಳ್ಳು ಹೇಳಲಿಲ್ಲ. ಇಷ್ಟು ವರ್ಷದ ಮೇಲೆ ವ್ಯಾಯಾಮದಿಂದ ನೇರ ಆಗುವುದಿಲ್ಲ, ಗೆಣ್ಣೇ ಗಟ್ಟಿಯಾಗಿಬಿಟ್ಟಿದೆ, ಆಪರೇಷನ್ ಮಾಡಿದರೂ ಸಿಗುವುದು ಸ್ವಲ್ಪ ಅಂದರು. "ಬಿಡವ್ವ, ಇದ್ರಾಗೇ ಎಲ್ಲಾ ದುಡ್ದಿದೀನಿ" ಅಂದರು ಅಪ್ಪ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದರು. "ಅವಾಗ್ಲೇ ದಿನಾ ಹಿಂಗೆ ಆಡಿಸಿದ್ರೆ ಬತ್ತಿತ್ತೇನೋ?"

ಏನು ಹೇಳಲಿ. "ಬತ್ತಿತ್ತು ಅನ್ಸುತ್ತೆ ಅಪ್ಪಾ" ಅಂದೆ.

ಶಿರಾ ಬರುವವರೆಗೂ ಕಿಟಕಿ ಕಡೆ ನೋಡಿಕೊಂಡಿದ್ದರು. ಆಮೇಲೆ ಕಡಲೆಕಾಯಿ ರೇಟಿನ ಮಾತೆತ್ತಿದರು.

ನನ್ನನ್ನು ಈಗಲೂ ಕಾಡುವುದು ಈ ವಿಷಯ. ಇದು ಗೊತ್ತಿಲ್ಲದ ಕಾಲ ಆಗಿರಲಿಲ್ಲ ಅದು. ಇಲ್ಲೇ ಪಕ್ಕದ ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಅನ್ನುವ ಡಾಕ್ಟರು 1940ರ ದಶಕದ ಕೊನೆಯಲ್ಲೇ ಕುಷ್ಠರೋಗಿಗಳ ಮಡಚಿದ ಕೈಗಳಿಗೆ ಆಪರೇಷನ್ ಶುರು ಮಾಡಿದ್ದರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದವರು. ರೋಗದಿಂದ ನರ ಸತ್ತು ಬೆರಳು ಮಡಚಿಕೊಂಡಾಗ, ಕೆಲಸ ಮಾಡುತ್ತಿರುವ ಇನ್ನೊಂದು ಸ್ನಾಯುವಿನ ಹುರಿಯನ್ನು ತಂದು ಅಲ್ಲಿಗೆ ಜೋಡಿಸುತ್ತಿದ್ದರು. ಆದರೆ ಜೋಡಿಸಿದ ಕೂಡಲೇ ಕೈ ಬರುವುದಿಲ್ಲ. ಬೇರೆ ಕೆಲಸಕ್ಕಿದ್ದ ಸ್ನಾಯುವಿಗೆ ಹೊಸ ಕೆಲಸವನ್ನು ವಾರಗಟ್ಟಲೆ ಕಲಿಸಬೇಕು. ಕತ್ತರಿಸಿ ಹೊಲಿಯುವುದು ಎಷ್ಟು ಮುಖ್ಯವೋ, ಆಮೇಲೆ ಕೂತು ಆಡಿಸುವುದೂ ಅಷ್ಟೇ ಮುಖ್ಯ. ವೆಲ್ಲೂರಿನಿಂದ ತಾವರೆಕೆರೆಗೆ ಒಂದು ದಿನದ ಬಸ್ ದಾರಿ. ಆ ತಿಳಿವಳಿಕೆ ನಲವತ್ತು ವರ್ಷವಾದರೂ ನಮ್ಮಪ್ಪನ ಬಾವಿಯವರೆಗೆ ಬಂದಿರಲಿಲ್ಲ.

ಬಂದಿದ್ದರೂ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿದೆ. ನನಗೆ ರಜೆ ಇತ್ತು, ಮನೆಯಿಂದ ಕೆಲಸ ಮಾಡಬಹುದಿತ್ತು, ಆಪರೇಷನ್ನಿಗೆ ಇನ್ಶೂರೆನ್ಸ್ ಇತ್ತು, ವಾರಕ್ಕೆರಡು ದಿನ ತುಮಕೂರಿಗೆ ಹೋಗುವ ಬಿಡುವಿತ್ತು. ಅಪ್ಪನಿಗೆ ಇದ್ದದ್ದು ಐದು ವಾರ, ಅದೂ ಸಾಲ ಮಾಡಿ. ಈಗಲೂ ನಮ್ಮ ಹೊಲಕ್ಕೆ ಕಡಲೆಕಾಯಿ ಕೀಳೋಕೆ ಬರುವ ಹೆಂಗಸರಲ್ಲಿ ಯಾರದಾದರೂ ಬೆರಳು ಮುರಿದರೆ, ದಿನಗೂಲಿ ಬಿಟ್ಟು ಹನ್ನೆರಡು ವಾರ ದಿಂಬಿನ ಮೇಲೆ ಬೆರಳು ಆಡಿಸುತ್ತಾ ಕೂರೋಕೆ ಆಗುತ್ತದಾ? ಸಂಗೀತದಲ್ಲಿ ವಿಳಂಬ ಕಾಲ ಅನ್ನುತ್ತೇವೆ. ಕೈಗೂ ಬೇಕಾದದ್ದು ಅದೇ. ಅದು ದುಬಾರಿ ಕಾಲ.

ಅಪ್ಪ ಮಾತ್ರ ಬಸ್ಸಿನ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಸಂಜೆ ನಾನು ಗಿಟಾರ್ ಹಿಡಿದರೆ ಬಂದು ಕೂರುತ್ತಿದ್ದರು. ಫ್ಲಮೆಂಕೊದಲ್ಲಿ ಚಪ್ಪಾಳೆಯೂ ಒಂದು ವಾದ್ಯ, 'ಪಾಲ್ಮಾಸ್' ಅಂತ. ಅದರಲ್ಲಿ ಎರಡು ಬಗೆ. ಬೆರಳುಗಳನ್ನು ಅಂಗೈಗೆ ಹೊಡೆದು ಎತ್ತರದ, ಚುರುಕು ಸದ್ದು ತೆಗೆಯುವುದು ಒಂದು. ಎರಡೂ ಅಂಗೈಗಳನ್ನು ಬಟ್ಟಲು ಮಾಡಿ 'ಗುಬ್ ಗುಬ್' ಅಂತ ಮೆತ್ತಗಿನ ಸದ್ದು ತೆಗೆಯುವುದು ಇನ್ನೊಂದು. ಹಾಡುವಾಗ, ಗಿಟಾರ್ ಒಂದೇ ನುಡಿಯುವಾಗ ಈ ಎರಡನೆಯದು ಬೇಕು, ಇಲ್ಲದಿದ್ದರೆ ಚಪ್ಪಾಳೆಯೇ ಎಲ್ಲವನ್ನೂ ನುಂಗಿಬಿಡುತ್ತದೆ. ನನಗೆ ಅದು ಎಷ್ಟು ದಿನ ಮಾಡಿದರೂ ಸರಿಯಾಗಿ ಬಂದಿರಲಿಲ್ಲ. ಅಪ್ಪನ ಬಲಗೈ ಯಾವಾಗಲೂ ಬಟ್ಟಲೇ. ಮೊದಲ ದಿನವೇ ಆ ಸದ್ದು 'ಗುಬ್' ಅಂತ ಬಂತು. ತಾಳ ಹಿಡಿಯೋಕೆ ಒಂದು ವಾರ ತಗೊಂಡರು. ತಕಿಟ ಗಿಕಿಟ ಅಂತ ಅವರಿಗೆ ಬೇಕಾಗಲಿಲ್ಲ. "ಎಲ್ಡು ಮೂರು, ಮೂರು ಎಲ್ಡು" ಅಂತ ಅವರದೇ ಲೆಕ್ಕ ಮಾಡಿಕೊಂಡರು. ಎರಡು ಮೂರುಗಳು, ಮೂರು ಎರಡುಗಳು. ಹನ್ನೆರಡು ಸರಿಯಾಯಿತಲ್ಲ! ಈಗ ನಾನು ಅವಸರ ಮಾಡಿದರೆ ಅವರು ಮಾಡುವುದಿಲ್ಲ. ನಾನೇ ವಾಪಸ್ ಬಂದು ಅವರ ಹತ್ತಕ್ಕೆ ಸೇರಿಕೊಳ್ಳಬೇಕು.

ನನ್ನ ಕೈ ಈಗ ಹೇಗಿದೆ ಅಂದರೆ, ಮುದ್ದೆ ಮುರಿಯುತ್ತದೆ, ಟೈಪ್ ಮಾಡುತ್ತದೆ, ಹಾಲು ಕರೆಯುತ್ತದೆ. ಉಂಗುರ ಬೆರಳು ಪೂರ್ತಿ ನೇರ ಆಗೋಕೆ ಇನ್ನೂ ಒಂದಿಷ್ಟು ಬಾಕಿ ಇದೆ, ಅದು ಹಾಗೇ ಉಳಿಯಬಹುದು ಅಂತ ಮೇಡಂ ಹೇಳಿದ್ದಾರೆ. ನಾಲ್ಕು ಬೆರಳಿನ ವೇಗದ ರಸ್ಗೇಯಾದೋ ಮೊದಲಿನ ಹಾಗೆ ಬರುತ್ತಿಲ್ಲ. ಅದಕ್ಕೆ ತೋರುಬೆರಳೊಂದನ್ನೇ ಕೆಳಗೆ ಮೇಲೆ ಆಡಿಸುವ ಹಳೆಯ ಕ್ರಮ, ಹೆಬ್ಬೆರಳು ಮಧ್ಯಬೆರಳು ಸೇರಿಸಿ ಬಾರಿಸುವ ಕ್ರಮ, ಇವನ್ನು ರೂಢಿ ಮಾಡಿಕೊಂಡಿದ್ದೇನೆ. ಜಾಝ್ ಗಿಟಾರಿನ ಜಾಂಗೋ ರೈನ್‌ಹಾರ್ಟ್ ಗೊತ್ತಿರಬಹುದು ನಿಮಗೆ. ಅವನೂ ಜಿಪ್ಸಿ. 1928ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ವಾಸದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಇವೇ ಎರಡು ಬೆರಳು ಸುಟ್ಟು ಮಡಚಿಕೊಂಡವು. ಉಳಿದ ಎರಡು ಬೆರಳಲ್ಲೇ ತಂತಿಗಳ ಮೇಲೆ ಓಡುವುದನ್ನು ಹೊಸದಾಗಿ ಕಲಿತು, ಯುರೋಪಿನ ಜಾಝ್‌ನಲ್ಲೇ ದೊಡ್ಡ ಹೆಸರು ಮಾಡಿದ. ನಾನು ಜಾಂಗೋ ಅಲ್ಲ, ಅದು ನನ್ನ ರೂಂಮೇಟ್‌ಗಳಿಗೆ ಚೆನ್ನಾಗಿ ಗೊತ್ತು :) ಆದರೆ ಮೊದಲಿನ ಕೈಯೇ ಬೇಕು ಅಂತ ಕಾಯುತ್ತಾ ಕೂರುವುದಕ್ಕಿಂತ ಇರುವ ಕೈಗೆ ತಕ್ಕ ನುಡಿಸಾಣಿಕೆ ಹುಡುಕಿಕೊಳ್ಳುವುದು ಒಳ್ಳೆಯದು ಅಂತ ಅವನ ರೆಕಾರ್ಡುಗಳನ್ನು ಕೇಳಿದರೆ ಅನ್ನಿಸುತ್ತದೆ.

ಕೊನೆಗೆ ಎರಡು ಮಾತು. ಒಂದು, ನಿಮ್ಮ ಮನೆಯಲ್ಲಿ, ಊರಲ್ಲಿ ಯಾರದಾದರೂ ಕೈ ಮುರಿದು ಕಟ್ಟಿದ್ದರೆ ಡಾಕ್ಟರನ್ನು ಎರಡು ಪ್ರಶ್ನೆ ಕೇಳೋಕೆ ಹೇಳಿ: ಬೆರಳು ಆಡಿಸೋದು ಯಾವತ್ತಿಂದ, ಕಟ್ಟು ಇದ್ದಾಗಲೂ ಯಾವ ಗೆಣ್ಣು ಆಡಿಸಬಹುದು. ಮೂಳೆ ಕೂಡಿತು ಅಂದಾಕ್ಷಣ ಕೈ ಬಂತು ಅಂತ ಅಲ್ಲ.

ಎರಡು, ಹೋದ ವಾರ ಅಪ್ಪ ತಾವಾಗಿಯೇ ಅಟ್ಟ ಹತ್ತಿ ಹಾರ್ಮೋನಿಯಂ ಇಳಿಸಿದ್ದಾರೆ. ಮೂರು ಬೆರಳಲ್ಲಿ ಎಷ್ಟಾಗುತ್ತೋ ನೋಡೋಣ ಅಂತ. ಆದರೆ ತಿದಿಯನ್ನು ಇಲಿ ಪೂರ್ತಿ ಕಡಿದುಹಾಕಿದೆ, ನಾಲ್ಕು ಮನೆ ಸ್ವರ ಹೊರಡುವುದೇ ಇಲ್ಲ. ಶಿರಾ, ತುಮಕೂರು ಕಡೆ ಹಳೇ ಹಾರ್ಮೋನಿಯಂ ರಿಪೇರಿ ಮಾಡುವವರು ಯಾರಾದರೂ ಗೊತ್ತಿದ್ದರೆ ಕಾಮೆಂಟಿನಲ್ಲಿ ದಯವಿಟ್ಟು ತಿಳಿಸಿ. ಹಬ್ಬಕ್ಕೆ ಮೊದಲು ಆದರೆ ಉಪಕಾರ.